ಎಲ್ಲರನ್ನೂ ಕೊಂದ ಮೇಲೆ ಉಳಿದವರು ಏನು ಮಾಡಬೇಕು?

1946ರ ಏಪ್ರಿಲ್ ತಿಂಗಳ ಒಂದು ರಾತ್ರಿ. ಜರ್ಮನಿಯ ನ್ಯೂರೆಂಬರ್ಗ್‌ನ ಬೇಕರಿಯೊಂದರಲ್ಲಿ ಕೆಲವರು ಬ್ರೆಡ್ಡಿಗೆ ಬ್ರಷ್ಷಿನಿಂದ ಆರ್ಸೆನಿಕ್ ವಿಷ ಬಳಿಯುತ್ತಿದ್ದರು. ಸುಮಾರು 3,000 ಬ್ರೆಡ್. ಬೆಳಗಾದರೆ ಅವು ಹೋಗಬೇಕಿದ್ದದ್ದು ಅಮೆರಿಕನ್ನರು ನಡೆಸುತ್ತಿದ್ದ ಕೈದಿಗಳ ಶಿಬಿರಕ್ಕೆ. ಅಲ್ಲಿ ಹಿಟ್ಲರನ ಎಸ್‌ಎಸ್ ಪಡೆಯಲ್ಲಿದ್ದವರನ್ನು ಕೂಡಿಹಾಕಲಾಗಿತ್ತು. ವಿಷ ಬಳಿದವರು ನಾಜಿಗಳ ಕೈಯಿಂದ ಹೇಗೋ ತಪ್ಪಿಸಿಕೊಂಡು ಉಳಿದ ಯಹೂದಿಗಳು. ‘ನಕಾಮ್’ ಅನ್ನುವ ಗುಟ್ಟಿನ ಗುಂಪಿನವರು.

ಅದೇ ಊರಿನಲ್ಲಿ, ಅದೇ ವಾರ, ಇನ್ನೊಂದು ಕೆಲಸವೂ ನಡೆದಿತ್ತು. ನಾಜಿ ನಾಯಕರ ವಿಚಾರಣೆ ಆಗಲೇ ಐದು ತಿಂಗಳಿಂದ ಸಾಗಿತ್ತು. ಏಪ್ರಿಲ್ 15ರಂದು ಆಶ್‌ವಿಟ್ಜ್ ಶಿಬಿರದ ಮುಖ್ಯಸ್ಥನಾಗಿದ್ದ ರುಡಾಲ್ಫ್ ಹೋಸ್ ಸಾಕ್ಷಿಕಟ್ಟೆ ಹತ್ತಿದ. ಅವನನ್ನು ಕರೆಸಿದ್ದು ಆರೋಪಿಯೊಬ್ಬನ ಪರ ವಕೀಲ! ಜನರನ್ನು ಹೇಗೆ ರೈಲಿನಲ್ಲಿ ತರುತ್ತಿದ್ದರು, ಹೇಗೆ ಆರಿಸುತ್ತಿದ್ದರು, ಗ್ಯಾಸ್ ಕೋಣೆಗಳು ಹೇಗೆ ನಡೆಯುತ್ತಿದ್ದವು ಎಂಬುದನ್ನೆಲ್ಲ ಅವನು ಕಾರ್ಖಾನೆಯ ವರದಿ ಒಪ್ಪಿಸಿದಂತೆ ಹೇಳಿದ.

ಒಂದೇ ಅಪರಾಧಕ್ಕೆ ಒಂದೇ ಊರಿನಲ್ಲಿ ಎರಡು ಉತ್ತರ. ಬ್ರೆಡ್ ತಿಂದ 2,000ಕ್ಕೂ ಹೆಚ್ಚು ಕೈದಿಗಳು ಕಾಯಿಲೆ ಬಿದ್ದರು. ಒಬ್ಬನಾದರೂ ಸತ್ತಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಹೋಸ್‌ನ ಮಾತುಗಳು ಮಾತ್ರ ದಾಖಲೆಯಾಗಿ ಉಳಿದವು. ಮುಂದಿನ ವರ್ಷ ಪೋಲೆಂಡಿನ ಕೋರ್ಟು ಅವನಿಗೆ ಮರಣದಂಡನೆ ವಿಧಿಸಿತು. ಆಶ್‌ವಿಟ್ಜ್‌ನಲ್ಲೇ ಗಲ್ಲಿಗೇರಿಸಿದರು.

ಇಷ್ಟು ಹೇಳಿದರೆ ನ್ಯಾಯ ಗೆದ್ದಿತು, ಸೇಡು ಸೋತಿತು ಎಂದು ಕಥೆ ಮುಗಿಸಬಹುದು. ಆದರೆ ಅದು ಅಷ್ಟು ಸಲೀಸಾಗಿ ಮುಗಿಯುವ ಕಥೆಯಲ್ಲ. ಸೇಡು ಕೀಳು, ನ್ಯಾಯ ಮೇಲು ಎಂದು ನಮ್ಮಲ್ಲಿ ಹೆಚ್ಚಿನವರು ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ. ಮನೆಯವರೆಲ್ಲ ಬದುಕಿರುವಾಗ ಹಾಗೆ ಒಪ್ಪುವುದು ಸುಲಭ, ಅಲ್ವಾ?

ಸಾಮಾನ್ಯ ಕೊಲೆಯನ್ನೇ ತೆಗೆದುಕೊಳ್ಳಿ. ಅಣ್ಣನನ್ನು ಯಾರೋ ಕೊಂದರು. ತಮ್ಮನಿಗೆ ಕೊಂದವನನ್ನು ಕೊಚ್ಚಿಹಾಕಬೇಕು ಅನ್ನಿಸುತ್ತದೆ. ಸುತ್ತಲಿನವರು ಅವನನ್ನು ತಡೆಯುತ್ತಾರೆ: ಪೊಲೀಸರಿದ್ದಾರೆ, ಕೋರ್ಟಿದೆ, ನೀನ್ಯಾಕೆ ಕೈ ಕೊಳೆ ಮಾಡಿಕೊಳ್ಳುತ್ತೀಯ? ನಾವೆಲ್ಲ ಸೇಡು ತೀರಿಸಿಕೊಳ್ಳುವ ಹಕ್ಕನ್ನು ಸರ್ಕಾರದ ಕೈಗೆ ಕೊಟ್ಟು ಬದುಕುತ್ತಿದ್ದೇವೆ. ಬದಲಿಗೆ ಸರ್ಕಾರ ನಮಗೆ ರಕ್ಷಣೆ ಕೊಡಬೇಕು, ತಪ್ಪಿತಸ್ಥರನ್ನು ಶಿಕ್ಷಿಸಬೇಕು. ಇದೊಂದು ಕೊಡುಕೊಳ್ಳುವ ಲೆಕ್ಕ.

ನರಮೇಧದಲ್ಲಿ ಈ ಲೆಕ್ಕವೇ ತಲೆಕೆಳಗಾಗುತ್ತದೆ. ಅಲ್ಲಿ ಕೊಲ್ಲುವುದೇ ಸರ್ಕಾರ. ಹೆಸರಿನ ಪಟ್ಟಿ ಮಾಡುವವನು ಗುಮಾಸ್ತ, ಮನೆ ತೋರಿಸುವವನು ಪಕ್ಕದ ಮನೆಯವನು, ಕರೆದೊಯ್ಯುವವನು ಪೊಲೀಸ್, ಸಾಗಿಸುವುದು ಸರ್ಕಾರಿ ರೈಲು. ಎಲ್ಲ ಮುಗಿದ ಮೇಲೆ ಉಳಿದ ಒಬ್ಬಳು ಯಾರ ಬಳಿ ಹೋಗಿ ದೂರು ಕೊಡಬೇಕು? ‘ಕಾನೂನಿಗೆ ಬಿಡು’ ಅನ್ನುವ ಮಾತಿಗೆ ಅವಳ ಮುಂದೆ ಅರ್ಥವೇ ಇರುವುದಿಲ್ಲ. ಸೇಡಿನ ಹಿಂದೆ ಬರೀ ಸಿಟ್ಟಿರುವುದಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಸತ್ತವರಿಗೆ ತಾನು ಏನೋ ಬಾಕಿ ಇದ್ದೇನೆ, ಅವರ ಪರವಾಗಿ ಕೇಳುವವರು ತನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಅನ್ನುವ ನಿಷ್ಠೆಯೂ ಅದರಲ್ಲಿದೆ. ಅದನ್ನು ಕಾಡುತನ ಎಂದು ತಳ್ಳಿಹಾಕುವವರ ಮಾತು ನನಗೆ ಯಾವತ್ತೂ ರುಚಿಸಿಲ್ಲ.

ಇದು ತುಂಬ ಸ್ಪಷ್ಟವಾಗಿ ಕಾಣುವುದು ಬರ್ಲಿನ್‌ನ ಒಂದು ಮೊಕದ್ದಮೆಯಲ್ಲಿ. 1915ರಲ್ಲಿ, ಇಂದಿನ ಟರ್ಕಿಯನ್ನು ಆಳುತ್ತಿದ್ದ ಒಟ್ಟೊಮನ್ ಸಾಮ್ರಾಜ್ಯ ತನ್ನದೇ ಪ್ರಜೆಗಳಾದ ಅರ್ಮೇನಿಯನ್ನರನ್ನು ಊರು ಬಿಡಿಸಿ, ಮರುಭೂಮಿಗೆ ನಡೆಸಿ, ಲಕ್ಷಗಟ್ಟಲೆ ಜನರನ್ನು ಕೊಂದಿತು. ಆಗ ಒಳಾಡಳಿತ ಮಂತ್ರಿಯಾಗಿದ್ದವನು ತಲಾತ್ ಪಾಷಾ. ಮೊದಲ ಮಹಾಯುದ್ಧ ಸೋತ ಮೇಲೆ ಅವನು ದೇಶ ಬಿಟ್ಟು ಓಡಿದ. 1919ರಲ್ಲಿ ಇಸ್ತಾನ್‌ಬುಲ್‌ನ ಸೇನಾ ನ್ಯಾಯಾಲಯ ಅವನ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತು. ಅಂದರೆ ತೀರ್ಪು ಬಂದಿತ್ತು, ಜಾರಿ ಮಾಡುವವರು ಇರಲಿಲ್ಲ. ಜರ್ಮನಿ ಅವನನ್ನು ಒಪ್ಪಿಸಲಿಲ್ಲ. ಬೇರೆ ಹೆಸರಿಟ್ಟುಕೊಂಡು ಅವನು ಬರ್ಲಿನ್‌ನಲ್ಲಿ ಆರಾಮಾಗಿದ್ದ.

1921ರ ಮಾರ್ಚ್ 15ರಂದು ಹಾಡಹಗಲೇ, ಹಾರ್ಡನ್‌ಬರ್ಗ್ ರಸ್ತೆಯಲ್ಲಿ, ಸೊಗೊಮೊನ್ ತೆಹ್ಲಿರಿಯನ್ ಎಂಬ ಅರ್ಮೇನಿಯನ್ ಯುವಕ ಅವನನ್ನು ಹಿಂದಿನಿಂದ ಗುಂಡಿಟ್ಟು ಕೊಂದ. ಜೂನ್‌ನಲ್ಲಿ ಎರಡೇ ದಿನ ವಿಚಾರಣೆ ನಡೆಯಿತು. ಕೊಂದಿದ್ದನ್ನು ಅವನು ಅಲ್ಲಗಳೆಯಲಿಲ್ಲ. ತಾಯಿಯನ್ನು, ಒಡಹುಟ್ಟಿದವರನ್ನು ಕಣ್ಣೆದುರೇ ಕೊಂದದ್ದನ್ನು ವಿವರಿಸಿದ. ತಾಯಿ ಕನಸಿನಲ್ಲಿ ಬಂದು ಕೇಳಿದಳು ಎಂದ. ಆರೋಪಿ ತೆಹ್ಲಿರಿಯನ್ ಆಗಿದ್ದರೂ ನಿಜವಾಗಿ ವಿಚಾರಣೆಯಾದದ್ದು ಸತ್ತ ತಲಾತ್‌ನದೇ. ಜರ್ಮನ್ ಪಾದ್ರಿ ಯೋಹಾನೆಸ್ ಲೆಪ್ಸಿಯಸ್ ಬಂದು ಹತ್ಯಾಕಾಂಡದ ಬಗ್ಗೆ ಸಾಕ್ಷಿ ನುಡಿದರು. ಜ್ಯೂರಿಗಳು ಒಂದು ಗಂಟೆಯಷ್ಟೇ ಚರ್ಚಿಸಿ, ಅಪರಾಧಿಯಲ್ಲ ಎಂದು ಬಿಡುಗಡೆ ಮಾಡಿದರು.

ಇಲ್ಲೊಂದು ತಿರುವಿದೆ. ತಾಯಿಯ ಸಾವನ್ನು ಅವನು ಕಣ್ಣಾರೆ ಕಂಡಿರಲಿಲ್ಲ, ಆಗ ಅವನು ಊರಿನಲ್ಲೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಒಬ್ಬಂಟಿ ದುಃಖಿಯೂ ಅವನಾಗಿರಲಿಲ್ಲ. ಅರ್ಮೇನಿಯನ್ ಪಕ್ಷವೊಂದು ಪಟ್ಟಿ ಇಟ್ಟುಕೊಂಡು ನಡೆಸಿದ ‘ನೆಮೆಸಿಸ್’ ಕಾರ್ಯಾಚರಣೆಯ ಬಂಟ ಅವನು. ಕುಟುಂಬ ನಾಶವಾದದ್ದು ನಿಜ. ಕೋರ್ಟಿನಲ್ಲಿ ಹೇಳಿದ ಕಥೆ ಮಾತ್ರ ಕಟ್ಟಿದ್ದು. ಸೇಡನ್ನು ಉಳಿಸಿಕೊಳ್ಳಲು ಸತ್ಯಕ್ಕೆ ಸ್ವಲ್ಪ ಬಣ್ಣ ಬಳಿಯಬೇಕಾಯಿತು. ಹತ್ಯಾಕಾಂಡವೇ ಸುಳ್ಳು ಎನ್ನುವವರಿಗೆ ಇಂಥ ಒಂದು ಎಳೆ ಸಿಕ್ಕರೆ ಸಾಕು, ಇಡೀ ಬಟ್ಟೆಯನ್ನೇ ಬಿಚ್ಚಲು ನೋಡುತ್ತಾರೆ.

ಈ ಸುದ್ದಿಯನ್ನು ಓದಿದ ಒಬ್ಬ ಪೋಲಿಷ್ ಯಹೂದಿ ವಿದ್ಯಾರ್ಥಿ ತನ್ನ ಪ್ರೊಫೆಸರ್ ಬಳಿ ಹೋಗಿ ಕೇಳಿದ: ಒಬ್ಬನನ್ನು ಕೊಂದ ತೆಹ್ಲಿರಿಯನ್ ಮೇಲೆ ಕೇಸು ಹಾಕುತ್ತೀರಿ, ಲಕ್ಷಗಟ್ಟಲೆ ಜನರನ್ನು ಕೊಲ್ಲಿಸಿದ ತಲಾತ್ ಮೇಲೆ ಯಾಕೆ ಹಾಕಲಿಲ್ಲ? ಪ್ರೊಫೆಸರ್ ಕೊಟ್ಟ ಉತ್ತರ ಇಂದು ಓದಿದರೂ ಮೈ ಉರಿಯುತ್ತದೆ. ರೈತ ತನ್ನ ಕೋಳಿಗಳನ್ನು ಕೊಂದರೆ ಅದು ಅವನ ವಿಷಯ, ನೀನು ಅಡ್ಡ ಬಂದರೆ ಅತಿಕ್ರಮಣ ಮಾಡಿದಂತೆ ಅಂದರಂತೆ. ಒಂದು ದೇಶ ತನ್ನ ಗಡಿಯೊಳಗೆ ತನ್ನ ಜನರಿಗೆ ಏನು ಮಾಡಿದರೂ ಹೊರಗಿನವರು ಕೇಳುವಂತಿಲ್ಲ ಎಂಬುದು ಆಗಿನ ಕಾನೂನು. ಆ ವಿದ್ಯಾರ್ಥಿ ರಾಫೆಲ್ ಲೆಮ್ಕಿನ್. ‘ಜೆನೊಸೈಡ್’ ಎಂಬ ಹೆಸರನ್ನು 1944ರಲ್ಲಿ ಮುದ್ರಣಕ್ಕೆ ತಂದದ್ದು ಇವರೇ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಿಕೊಂಡ ನರಮೇಧ ವಿರೋಧಿ ಒಪ್ಪಂದದ ಹಿಂದಿದ್ದದ್ದೂ ಇವರ ಹಟವೇ. ಅಷ್ಟರೊಳಗೆ ಇವರ 49 ಬಂಧುಗಳು ನಾಜಿಗಳಿಗೆ ಬಲಿಯಾಗಿದ್ದರು.

ಲೆಮ್ಕಿನ್‌ಗೆ ತೆಹ್ಲಿರಿಯನ್ ಮೇಲೆ ಕೋಪವಿರಲಿಲ್ಲ. ಆದರೆ ಒಬ್ಬ ಮನುಷ್ಯ ತನ್ನನ್ನು ತಾನೇ ನ್ಯಾಯಾಧೀಶನಾಗಿ ನೇಮಿಸಿಕೊಂಡರೆ ನಾಳೆ ಯಾರು ಬೇಕಾದರೂ ಹಾಗೆ ಮಾಡಬಹುದಲ್ಲ ಎಂಬ ಚಿಂತೆ ಇತ್ತು. ಆ ಚಿಂತೆ ನಿಜವೂ ಆಯಿತು. 1921ರಲ್ಲಿ ಗುಂಡು ತಗುಲಿದ್ದು ಆದೇಶ ಕೊಟ್ಟವನಿಗೇ. 1970ರ ದಶಕದಿಂದ ಅರ್ಮೇನಿಯನ್ ಉಗ್ರಗಾಮಿ ಗುಂಪುಗಳು ಟರ್ಕಿಯ ರಾಜತಾಂತ್ರಿಕರನ್ನು ಕೊಲ್ಲತೊಡಗಿದವು. ಸತ್ತವರಲ್ಲಿ ಹೆಚ್ಚಿನವರು 1915ರಲ್ಲಿ ಹುಟ್ಟಿಯೇ ಇರಲಿಲ್ಲ. 1983ರ ಜುಲೈನಲ್ಲಿ ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣದಲ್ಲಿ ಟರ್ಕಿಯ ವಿಮಾನ ಸಂಸ್ಥೆಯ ಕೌಂಟರ್ ಬಳಿ ಬಾಂಬ್ ಸಿಡಿಯಿತು. 8 ಮಂದಿ ಸತ್ತರು. ಸತ್ತವರಲ್ಲಿ ಫ್ರೆಂಚರೂ ಇದ್ದರು. ಅರವತ್ತು ವರ್ಷಗಳಲ್ಲಿ ಗುರಿ ಎಲ್ಲಿಂದ ಎಲ್ಲಿಗೆ ಜಾರಿತು ನೋಡಿ.

ನಕಾಮ್ ಗುಂಪಿನ ವಿಷಯದಲ್ಲಿ ಇನ್ನೂ ಭಯವಾಗುವ ಸಂಗತಿಯಿದೆ. ಬ್ರೆಡ್ಡಿಗೆ ವಿಷ ಬಳಿದದ್ದು ಅವರ ಎರಡನೇ ಯೋಜನೆ. ಮೊದಲಿನದು ನ್ಯೂರೆಂಬರ್ಗ್ ಸೇರಿದಂತೆ ಜರ್ಮನ್ ನಗರಗಳ ಕುಡಿಯುವ ನೀರಿಗೇ ವಿಷ ಹಾಕುವುದು. 60 ಲಕ್ಷ ಯಹೂದಿಗಳ ಜೀವಕ್ಕೆ 60 ಲಕ್ಷ ಜರ್ಮನ್ನರ ಜೀವ. ಗುಂಪಿನ ನಾಯಕ, ಕವಿ ಅಬಾ ಕೊವ್ನರ್, ವಿಷ ತರಲು ಪ್ಯಾಲೆಸ್ಟೀನಿಗೆ ಹೋಗಿದ್ದರು. ವಾಪಸು ಬರುವಾಗ 1945ರ ಡಿಸೆಂಬರಿನಲ್ಲಿ ಬ್ರಿಟಿಷ್ ಹಡಗಿನಲ್ಲೇ ಅವರನ್ನು ಬಂಧಿಸಲಾಯಿತು. ವಿಷ ಸಮುದ್ರದ ಪಾಲಾಯಿತು. ಹಾಗಾಗದಿದ್ದರೆ? ನಲ್ಲಿ ನೀರು ಕುಡಿಯುವ ಕೂಸಿಗೂ ಎಸ್‌ಎಸ್ ಅಧಿಕಾರಿಗೂ ಆ ವಿಷ ಭೇದ ಮಾಡುತ್ತಿರಲಿಲ್ಲ. ಹಿಟ್ಲರನ ವಿರುದ್ಧ ನಿಂತು ಜೈಲು ಸೇರಿ ಆಗಷ್ಟೇ ಹೊರಬಂದ ಜರ್ಮನ್ನನೂ ಸಾಯುತ್ತಿದ್ದ.

ಜನಮೇಜಯನ ಸರ್ಪಯಾಗ ಗೊತ್ತಲ್ಲ. ಅಪ್ಪ ಪರೀಕ್ಷಿತನನ್ನು ಕಚ್ಚಿದ್ದು ತಕ್ಷಕ ಒಬ್ಬನೇ. ಮಗ ಯಾಗಕುಂಡಕ್ಕೆ ಕರೆದದ್ದು ಇಡೀ ಸರ್ಪಕುಲವನ್ನು. ತಪ್ಪು ಮಾಡದ ಹಾವುಗಳು ಸಾಲುಸಾಲಾಗಿ ಬಿದ್ದು ಬೆಂದವು. ತಕ್ಷಕ ಮಾತ್ರ ಇಂದ್ರನ ಆಸರೆ ಹಿಡಿದು ಕುಳಿತ. ಕೊನೆಗೆ ಆಸ್ತೀಕ ಬಂದು ಯಾಗ ನಿಲ್ಲಿಸಿದಾಗ ಅವನು ಬದುಕಿಯೇ ಉಳಿದ.

ಸೇಡಿನ ದೊಡ್ಡ ತೊಂದರೆ ಅದರ ಕ್ರೌರ್ಯ ಎಂದು ನಾನು ಹೇಳುವುದಿಲ್ಲ. ಅದು ಬೇರ್ಪಡಿಸುವುದಿಲ್ಲ, ಅಷ್ಟೇ. ನೀನು ಏನು ಮಾಡಿದೆ ಎಂದು ಅದು ಕೇಳುವುದಿಲ್ಲ, ನೀನು ಯಾವ ಕಡೆಯವನು ಎಂದು ಕೇಳುತ್ತದೆ. ನರಮೇಧ ಮಾಡುವವರೂ ಕೇಳುವುದು ಅದೇ ಪ್ರಶ್ನೆ. ಕೋರ್ಟು ಮಾಡುವ ಮುಖ್ಯ ಕೆಲಸ ಇದಕ್ಕೆ ವಿರುದ್ಧ: ಇವನು, ಈ ದಿನ, ಈ ಜಾಗದಲ್ಲಿ, ಇಂಥದ್ದು ಮಾಡಿದ ಎಂದು ಒಂದೊಂದಾಗಿ ಬಿಡಿಸುವುದು. ನ್ಯೂರೆಂಬರ್ಗ್‌ನ ಮೊದಲ ವಿಚಾರಣೆಯಲ್ಲಿ ಮೂವರು ಖುಲಾಸೆಯಾದರು. ಆಗ ಎಷ್ಟೋ ಜನ ಸಿಟ್ಟಾದರು. ಆದರೆ ಖುಲಾಸೆಯ ಸಾಧ್ಯತೆಯೇ ಇಲ್ಲದ ಕೋರ್ಟಿನಿಂದ ಬರುವ ಶಿಕ್ಷೆಗೂ ಬೆಲೆಯಿಲ್ಲ.

ಹಾಗಂತ ನ್ಯಾಯದ ಕಡೆ ಎಲ್ಲ ಸರಿಯಿದೆಯೇ? ಇಲ್ಲವೇ ಇಲ್ಲ. ನ್ಯೂರೆಂಬರ್ಗ್‌ನಲ್ಲಿ ಪೀಠದ ಮೇಲೆ ಕೂತವರು ಗೆದ್ದ ದೇಶಗಳ ಪ್ರತಿನಿಧಿಗಳೇ. ಕಟೀನ್ ಕಾಡಿನಲ್ಲಿ ಸಾವಿರಾರು ಪೋಲಿಷ್ ಅಧಿಕಾರಿಗಳನ್ನು ಕೊಂದ ಆರೋಪವನ್ನೂ ಸೋವಿಯತ್ ಕಡೆಯವರು ಜರ್ಮನ್ನರ ತಲೆಗೇ ಕಟ್ಟಿದ್ದರು. ಕೊಂದದ್ದು ಸೋವಿಯತ್ ಪೊಲೀಸರೇ! ತೀರ್ಪಿನಲ್ಲಿ ಆ ವಿಷಯದ ಸುದ್ದಿಯೇ ಇಲ್ಲ, ಸದ್ದಿಲ್ಲದೆ ಕೈಬಿಟ್ಟರು. ಕಾಂಬೋಡಿಯಾದ್ದು ಬೇರೆ ಥರದ ಸೋಲು. 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಸತ್ತವರು ಸುಮಾರು 17 ಲಕ್ಷ. ಅದರ ನಾಯಕ ಪೋಲ್ ಪಾಟ್ ಯಾವ ಅಂತರರಾಷ್ಟ್ರೀಯ ಕೋರ್ಟಿನ ಮೆಟ್ಟಿಲನ್ನೂ ಹತ್ತದೆ 1998ರಲ್ಲಿ ಸತ್ತ. 2006ರಲ್ಲಿ ಕೆಲಸ ಶುರುಮಾಡಿದ ವಿಶೇಷ ನ್ಯಾಯಾಲಯ 2022ರ ಹೊತ್ತಿಗೆ ಶಿಕ್ಷೆ ಕೊಟ್ಟದ್ದು ಮೂವರಿಗೆ.

ಈ ಗೊಂದಲವೆಲ್ಲ ಒಂದೇ ಕಡೆ ಕಾಣಬೇಕಾದರೆ ರುವಾಂಡವನ್ನು ನೋಡಬೇಕು. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ, ವಿಶ್ವಸಂಸ್ಥೆಯ ಅಂದಾಜಿನಂತೆ, 8 ಲಕ್ಷ ಜನ ಸತ್ತರು. ರುವಾಂಡ ಸರ್ಕಾರ ಹೇಳುವುದು 10 ಲಕ್ಷಕ್ಕೂ ಜಾಸ್ತಿ. ಬಹುಪಾಲು ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿಗಳು. ಕೊಲ್ಲಿಸಿದ್ದು ಬಹುಸಂಖ್ಯಾತ ಹುಟುಗಳ ಸರ್ಕಾರ. ಜೊತೆಗೆ ಕೊಲ್ಲಲು ಒಪ್ಪದ, ವಿರೋಧಿಸಿದ ಹುಟುಗಳೂ ಇದ್ದರು. ಕೊಂದವರು ಸೈನಿಕರಷ್ಟೇ ಅಲ್ಲ. ಮಚ್ಚು ಹಿಡಿದ ನೆರೆಯವರು, ಪರಿಚಯದವರು, ಕೆಲವೆಡೆ ಪಾದ್ರಿಗಳು. ಇಷ್ಟು ಜನ ಅಪರಾಧಿಗಳಾದ ದೇಶದಲ್ಲಿ ನ್ಯಾಯ ಅಂದರೆ ಏನು?

ಮೊದಲು ಎಲ್ಲರನ್ನೂ ಜೈಲಿಗೆ ಹಾಕಿದರು. 1990ರ ದಶಕದ ಕೊನೆಗೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಒಳಗಿದ್ದರು. ಗಿತಾರಾಮ ಜೈಲಿನಲ್ಲಿ ಕೂರಲೂ ಜಾಗವಿಲ್ಲದೆ ಕೈದಿಗಳು ಕೆಸರಿನಲ್ಲಿ ನಿಂತೇ ಇರುತ್ತಿದ್ದರು. ಕಾಲು ಕೊಳೆತು ಸತ್ತವರಿದ್ದರು. ಅವರಲ್ಲಿ ಎಷ್ಟು ಜನ ಕೊಲೆಗಾರರು, ಎಷ್ಟು ಜನ ಯಾರೋ ಬೆರಳು ತೋರಿಸಿದ್ದಕ್ಕೆ ಸಿಕ್ಕಿಬಿದ್ದವರು? ವಿಚಾರಣೆಯಾಗದೆ ಹೇಗೆ ಗೊತ್ತಾಗಬೇಕು! ನ್ಯಾಯಾಧೀಶರು, ವಕೀಲರು ಹೆಚ್ಚಿನವರು ಸತ್ತಿದ್ದರು ಅಥವಾ ಓಡಿಹೋಗಿದ್ದರು. ಮಾಮೂಲಿ ಕೋರ್ಟುಗಳಲ್ಲಿ ಎಲ್ಲವೂ ಮುಗಿಯಲು ನೂರು ವರ್ಷವೂ ಸಾಲದು ಅನ್ನುವ ಲೆಕ್ಕಾಚಾರ ಕೇಳಿಬಂತು.

ಆಗ ಸರ್ಕಾರ ‘ಗಚಾಚಾ’ ಎಂಬ ಹಳೆಯ ಊರ ಪಂಚಾಯಿತಿಯ ಪದ್ಧತಿಗೆ ಹೊಸ ರೂಪ ಕೊಟ್ಟಿತು. 2002ರಲ್ಲಿ ಪ್ರಯೋಗವಾಗಿ ಶುರುವಾಗಿ, 2005ರಿಂದ ದೇಶದ ತುಂಬ ನಡೆದು, 2012ರ ಜೂನ್‌ನಲ್ಲಿ ಮುಗಿಯಿತು. ಸುಮಾರು 12,000 ಪಂಚಾಯಿತಿಗಳು, ಹತ್ತು ಲಕ್ಷಕ್ಕೂ ಹೆಚ್ಚು ಪ್ರಕರಣಗಳು. ಬಯಲಿನಲ್ಲೋ ಮರದ ಕೆಳಗೋ ಬೆಂಚು ಹಾಕಿ ಊರವರೇ ಆರಿಸಿದ ಪಂಚರು ಕೂರುತ್ತಿದ್ದರು. ವಕೀಲರಿಲ್ಲ. ಆರೋಪಿ ಎದ್ದು ನಿಂತು ಹೇಳಬೇಕು, ಊರವರು ಎದ್ದು ಕೇಳಬೇಕು. ತಪ್ಪೊಪ್ಪಿಕೊಂಡು, ಜೊತೆಗಿದ್ದವರ ಹೆಸರು ಹೇಳಿ, ಹೆಣ ಎಲ್ಲಿದೆ ಎಂದು ತೋರಿಸಿದರೆ ಶಿಕ್ಷೆ ಕಡಿಮೆಯಾಗುತ್ತಿತ್ತು. ಶಿಕ್ಷೆಯ ಒಂದು ಪಾಲನ್ನು ಜೈಲಿನ ಹೊರಗೆ, ರಸ್ತೆ ಮಾಡುವುದು, ಮನೆ ಕಟ್ಟುವುದು ಇಂಥ ಕೆಲಸ ಮಾಡಿ ತೀರಿಸಬಹುದಿತ್ತು.

‘ಹೆಣ ಎಲ್ಲಿದೆ’ ಎಂಬ ಪ್ರಶ್ನೆಯೇ ಬದುಕುಳಿದವರನ್ನು ಅಲ್ಲಿಗೆ ಕರೆತಂದದ್ದು. ಗಂಡನನ್ನು ಕೊಂದವನಿಗೆ ಎಷ್ಟು ವರ್ಷ ಎನ್ನುವುದಕ್ಕಿಂತ, ಅವನನ್ನು ಯಾವ ಗುಂಡಿಗೆ ಎಸೆದರು ಎಂಬುದು ಅನೇಕ ಹೆಂಗಸರಿಗೆ ದೊಡ್ಡದಾಗಿತ್ತು. ಅದು ಗೊತ್ತಿದ್ದದ್ದು ಕೊಂದವನಿಗೆ ಮಾತ್ರ. ಅವನನ್ನು ಸೇಡಿಗೆ ಕೊಂದಿದ್ದರೆ ಆ ಗುಂಡಿಯ ಜಾಗವೂ ಅವನ ಜೊತೆ ಹೋಗುತ್ತಿತ್ತು. ಆದರೆ ಇದೇ ಏರ್ಪಾಟಿನ ಇನ್ನೊಂದು ಮುಖ ಕಹಿಯಾಗಿತ್ತು. ಸಾಕ್ಷಿ ಹೇಳಿದವರಿಗೆ ಬೆದರಿಕೆ ಬಂತು, ಕೆಲವರ ಕೊಲೆಯೂ ಆಯಿತು. ಜಮೀನು ಜಗಳಕ್ಕೆ ಸುಳ್ಳು ಆರೋಪ ಹೊರಿಸಿದ್ದೂ ಉಂಟು. ಬರೆದುಕೊಂಡು ಬಂದಂತೆ ಕ್ಷಮೆ ಕೇಳಿದವನು ವಾರದೊಳಗೆ ಪಕ್ಕದ ಮನೆಗೆ ವಾಪಸು ಬಂದರೆ ಬಾವಿಕಟ್ಟೆಯಲ್ಲಿ ದಿನಾ ಅವನ ಮುಖ ನೋಡಬೇಕಾದವಳು ಏನು ಮಾಡಬೇಕು?

ಇದಕ್ಕಿಂತ ವಿಚಿತ್ರವಾದ ಸಂಗತಿ ಮರಣದಂಡನೆಯದ್ದು. 1994ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ರುವಾಂಡಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಾಲಯ ತೆರೆಯಲು ನಿರ್ಧರಿಸಿದಾಗ ವಿರುದ್ಧ ಮತ ಹಾಕಿದ ಒಂದೇ ದೇಶ ರುವಾಂಡ! ಆಗ ಅದು ಮಂಡಳಿಯ ಸದಸ್ಯನಾಗಿತ್ತು. ನ್ಯಾಯಾಲಯ ತಾನೇ ಬೇಕೆಂದು ಕೇಳಿತ್ತು. ಅದರ ತಕರಾರುಗಳಲ್ಲಿ ಒಂದು, ಆ ಕೋರ್ಟು ಯಾರನ್ನೂ ಗಲ್ಲಿಗೇರಿಸುವಂತಿಲ್ಲ ಎಂಬುದು. ಪರಿಣಾಮ ಹೀಗಾಯಿತು: ಸಂಚು ಹೂಡಿದ ದೊಡ್ಡವರು ತಾಂಜಾನಿಯಾದ ಅರುಷಾದಲ್ಲಿ ವಿಶ್ವಸಂಸ್ಥೆಯ ಜೈಲಿನಲ್ಲಿ ವಕೀಲರೊಂದಿಗೆ ಕೂತರು. ಅವರ ಮಾತು ಕೇಳಿ ಮಚ್ಚು ಎತ್ತಿದವರಿಗೆ ಊರಿನಲ್ಲಿ ಮರಣದಂಡನೆ. 1998ರ ಏಪ್ರಿಲ್ 24ರಂದು 22 ಜನರನ್ನು ಸಾರ್ವಜನಿಕವಾಗಿ ಗುಂಡಿಟ್ಟು ಕೊಂದರು. ಸಾವಿರಾರು ಜನ ನೋಡಲು ಸೇರಿದ್ದರು. ಕೆಲವರ ವಿಚಾರಣೆ ಕೆಲವೇ ಗಂಟೆಗಳಲ್ಲಿ, ವಕೀಲರಿಲ್ಲದೆ ಮುಗಿದಿತ್ತು. ಅದನ್ನು ನ್ಯಾಯ ಅನ್ನಬೇಕೋ, ಸೀಲು ಒತ್ತಿದ ಸೇಡು ಅನ್ನಬೇಕೋ? ನನಗಂತೂ ಎರಡನೆಯದೇ ಹತ್ತಿರ ಅನ್ನಿಸುತ್ತದೆ. 2007ರಲ್ಲಿ ರುವಾಂಡ ಮರಣದಂಡನೆಯನ್ನೇ ರದ್ದು ಮಾಡಿತು. ಅದಿಲ್ಲದೆ ಹೊರದೇಶಗಳು ಆರೋಪಿಗಳನ್ನು ಒಪ್ಪಿಸುತ್ತಿರಲಿಲ್ಲ ಎಂಬ ಲೆಕ್ಕವೂ ಅದರ ಹಿಂದಿತ್ತು. ಆದರ್ಶಕ್ಕಿಂತ ಅಗತ್ಯ ಕೆಲವೊಮ್ಮೆ ಜಾಸ್ತಿ ಕೆಲಸ ಮಾಡಿಸುತ್ತದೆ.

ಗಚಾಚಾ ಮುಟ್ಟದ ಒಂದು ವಿಷಯವೂ ಇದೆ. ನರಮೇಧವನ್ನು ನಿಲ್ಲಿಸಿದ್ದು ಆರ್‌ಪಿಎಫ್ ಎಂಬ, ಟುಟ್ಸಿಗಳೇ ಹೆಚ್ಚಿದ್ದ ಬಂಡಾಯ ಪಡೆ. ಅದೇ ಇಂದಿಗೂ ಅಧಿಕಾರದಲ್ಲಿದೆ. ಆ ಪಡೆಯ ಸೈನಿಕರೂ ಸಾವಿರಾರು ಹುಟು ನಾಗರಿಕರನ್ನು ಕೊಂದರು ಎಂದು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಆ ಪ್ರಕರಣಗಳನ್ನು ಗಚಾಚಾದ ವ್ಯಾಪ್ತಿಯಿಂದ ಹೊರಗಿಟ್ಟರು. ಅರುಷಾದ ಕೋರ್ಟೂ ಆರ್‌ಪಿಎಫ್‌ನ ಒಬ್ಬನ ಮೇಲೂ ಕೇಸು ನಡೆಸಲಿಲ್ಲ. ಆ ಕೊಲೆಗಳನ್ನು ನರಮೇಧದ ಜೊತೆ ಸಮ ತೂಗುವುದು ತಪ್ಪು. ಆದರೆ ಅವುಗಳಲ್ಲಿ ಅಮ್ಮನನ್ನು ಕಳೆದುಕೊಂಡ ಹುಡುಗನಿಗೆ ಹೇಳಿಕೊಳ್ಳಲು ಒಂದು ಬೆಂಚೂ ಸಿಗಲಿಲ್ಲ.

ಸೇಡೂ ಬೇಡ, ಕೋರ್ಟೂ ಬೇಡ, ಕ್ಷಮಿಸಿಬಿಡಿ ಅನ್ನುವವರೂ ಇದ್ದಾರೆ. ಕ್ಷಮಿಸಿದವರ ಬಗ್ಗೆ ನನಗೆ ಗೌರವವಿದೆ. ಕ್ಷಮಿಸಿ ಎಂದು ಹೊರಗಿನಿಂದ ಒತ್ತಾಯ ಮಾಡುವವರ ಬಗ್ಗೆ ಇಲ್ಲ. ಕ್ಷಮಿಸುವ ಹಕ್ಕು ಮೊದಲಿಗೆ ಇದ್ದದ್ದು ಸತ್ತವರಿಗೆ.

ರುವಾಂಡದ್ದೇ ಇನ್ನೊಂದು ಪ್ರಕರಣ ಹೇಳಬೇಕು. ಟುಟ್ಸಿಗಳ ವಿರುದ್ಧ ದ್ವೇಷ ಹರಡಿದ ರೇಡಿಯೊಗೆ ಬೆನ್ನೆಲುಬಾಗಿದ್ದವನು, ಕೊಲೆಗಡುಕರಿಗೆ ಹಣ ಒದಗಿಸಿದವನು ಎಂದು ಆರೋಪ ಹೊತ್ತ ವ್ಯಾಪಾರಿ ಫೆಲಿಸಿಯನ್ ಕಬೂಗ. 26 ವರ್ಷ ತಲೆಮರೆಸಿಕೊಂಡಿದ್ದ ಅವನನ್ನು 2020ರ ಮೇ ತಿಂಗಳಲ್ಲಿ ಪ್ಯಾರಿಸ್ ಬಳಿ ಹಿಡಿದರು. 2022ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿರುವ ವಿಶ್ವಸಂಸ್ಥೆಯ ನ್ಯಾಯಾಲಯದಲ್ಲಿ ವಿಚಾರಣೆ ಶುರುವಾಯಿತು. ಅಷ್ಟರಲ್ಲಿ ಅವನಿಗೆ ಮರೆವಿನ ಕಾಯಿಲೆ ಹೆಚ್ಚಾಗಿತ್ತು. ತನ್ನ ಮೇಲಿನ ಆರೋಪವೇನು ಎಂದು ಅರ್ಥವಾಗದವನನ್ನು ವಿಚಾರಣೆ ಮಾಡುವಂತಿಲ್ಲ ಎಂಬುದು ಹೆಚ್ಚಿನ ಕಡೆಯ ನಿಯಮ. ಶಿಕ್ಷೆ ಕೊಡದೆ, ಸಾಕ್ಷ್ಯಗಳನ್ನಷ್ಟೇ ಕೇಳಿ ಮುಗಿಸೋಣ ಎಂದು ಕೆಳಪೀಠ ಒಂದು ದಾರಿ ಹುಡುಕಿತು. ಕಾನೂನಿನಲ್ಲಿ ಅಂಥ ದಾರಿಯೇ ಇಲ್ಲ ಎಂದು ಮೇಲ್ಮನವಿ ಪೀಠ ಅದನ್ನೂ ಮುಚ್ಚಿತು. 2023ರ ಸೆಪ್ಟೆಂಬರಿನಲ್ಲಿ ವಿಚಾರಣೆಯನ್ನು ಅನಿರ್ದಿಷ್ಟ ಕಾಲ ನಿಲ್ಲಿಸಲಾಯಿತು.

ಬದುಕುಳಿದವರ ಸಂಘಟನೆಗಳು ಇದು ನಮಗೆ ಮಾಡಿದ ಅನ್ಯಾಯ ಎಂದವು. ಸೇಡು ತೀರಿಸಲು ಬಂದವನಾಗಿದ್ದರೆ ಮುದುಕನಿಗೆ ನೆನಪಿದೆಯೋ ಇಲ್ಲವೋ ಎಂದು ನೋಡುತ್ತಲೇ ಇರಲಿಲ್ಲ. ನ್ಯಾಯಾಧೀಶರು ನೋಡಿದರು, ನೋಡಿ ನಿಲ್ಲಿಸಿದರು. ಮೇಲ್ಮನವಿ ಪೀಠ ಮಾಡಿದ್ದು ಸರಿಯೆಂದೇ ನನಗೆ ಅನ್ನಿಸುತ್ತದೆ. ಆದರೆ ಆ ರೇಡಿಯೊ ಕೇಳಿ ಬಂದವರ ಕೈಯಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡವರ ಎದುರು ಕೂತು ಈ ಮಾತನ್ನು ಇಷ್ಟೇ ಗಟ್ಟಿಯಾಗಿ ಹೇಳಬಲ್ಲೆನೇ ಎಂದು ಕೇಳಿದರೆ, ಇಲ್ಲ.